ಎನ್ ಪ್ಲಸ್ ಒನ್ ಕ್ವೆರಿ ಎಂದರೇನು?

ಡೇಟಾಬೇಸಿಗೆ ಒಂದೇ ಸಲ ಕೇಳಿ ಮುಗಿಸಬಹುದಾದ್ದನ್ನು ಸಾಲಿಗೊಂದರಂತೆ ನೂರಾರು ಸಲ ಕೇಳುವುದಕ್ಕೆ ಎನ್ ಪ್ಲಸ್ ಒನ್ ಕ್ವೆರಿ ಎನ್ನುತ್ತಾರೆ. ಕ್ವೆರಿ ಎಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಒಆರ್‌ಎಂ ಬಳಸಿದ ಸಾಫ್ಟ್‌ವೇರ್ ನಿಧಾನವಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹುಡುಕುವುದು ಇದನ್ನೇ.

ಒಆರ್‌ಎಂ, ಅಂದರೆ ಆಬ್ಜೆಕ್ಟ್ ರಿಲೇಷನಲ್ ಮ್ಯಾಪರ್, ಟೇಬಲ್ಲಿನ ಪ್ರತಿ ಸಾಲನ್ನೂ ಪ್ರೋಗ್ರಾಮಿನ ಆಬ್ಜೆಕ್ಟ್ ಆಗಿ ನಮ್ಮ ಕೈಗೆ ಕೊಡುತ್ತದೆ. ಅದಕ್ಕೆ ಬೇಕಾದ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ತಾನೇ ಬರೆದುಕೊಳ್ಳುತ್ತದೆ. ಜಾವಾದ ಹೈಬರ್ನೇಟ್, ರೂಬಿಯ ಆಕ್ಟಿವ್ ರೆಕಾರ್ಡ್, ಪೈಥಾನಿನ ಜಾಂಗೋ ಒಆರ್‌ಎಂ ಎಲ್ಲವೂ ಇದೇ ಜಾತಿ. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ, ಮಾಹಿತಿಯನ್ನು ಟೇಬಲ್ಲುಗಳಲ್ಲಿಡುವ ರಿಲೇಷನಲ್ ಮಾದರಿಯಲ್ಲಿ ಸಾಲುಗಳನ್ನು ಗುಂಪಾಗಿ ಕೇಳುವುದೇ ರೂಢಿ. ಒಂದೇ ಕೆಲಸವನ್ನು ಸಾಲುಸಾಲಿಗೂ ಮಾಡಿಸುವ ನಮ್ಮ ಕೋಡಿನ ಫಾರ್ ಲೂಪ್ ಮಾತ್ರ ಒಂದೊಂದಾಗಿ ಕೇಳುತ್ತದೆ. ತೊಡಕು ಹುಟ್ಟುವುದು ಇಲ್ಲಿ.

ಸೋಮವಾರಪೇಟೆಯ ಕಾಫಿ ಖರೀದಿ ಅಂಗಡಿಯೊಂದಕ್ಕೆ ಜಾಂಗೋದಲ್ಲಿ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೀರಿ ಎನ್ನಿ. ಬೆಳೆಗಾರರದೊಂದು ಟೇಬಲ್, ರಸೀದಿಗಳದೊಂದು. ರಸೀದಿಯಲ್ಲಿ ರೊಬಸ್ಟಾ ಚೆರಿಯೋ ಅರೇಬಿಕಾ ಪಾರ್ಚ್‌ಮೆಂಟೋ, ಎಷ್ಟು ಚೀಲ, ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಕಾಳಿನ ಪ್ರಮಾಣ) ಇರುತ್ತದೆ. ಕೊಯ್ಲಿನ ಕಾಲದಲ್ಲಿ ಸಂಜೆ ಮಾಲೀಕರು 300 ರಸೀದಿಗಳ ಪಟ್ಟಿ ತೆರೆಯುತ್ತಾರೆ. ಪ್ರತಿ ಸಾಲಿನಲ್ಲೂ ಬೆಳೆಗಾರರ ಹೆಸರು ಕಾಣಬೇಕು. ಕೋಡಿನಲ್ಲಿ ‘ರಸೀದಿ.ಬೆಳೆಗಾರ.ಹೆಸರು’ ಎಂದಷ್ಟೇ ಇದೆ. ಆದರೆ ಬೆಳೆಗಾರರ ವಿವರವನ್ನು ಜಾಂಗೋ ಮೊದಲೇ ತಂದಿಟ್ಟಿರುವುದಿಲ್ಲ. ಹೆಸರು ಕೇಳಿದ ಕ್ಷಣದಲ್ಲಿ ಹೋಗಿ ತರುತ್ತದೆ. ಇದು ಲೇಜಿ ಲೋಡಿಂಗ್. ರಸೀದಿಗಳಿಗೆಂದು ಒಂದು ಕ್ವೆರಿ, ಹೆಸರುಗಳಿಗೆಂದು 300, ಒಟ್ಟು 301. ಆ 300 ಇಲ್ಲಿ ಎನ್, ಮೊದಲಿನ ಒಂದು ಕ್ವೆರಿಯೇ ಒನ್. ಒಬ್ಬರದೇ ಹತ್ತು ರಸೀದಿಗಳಿದ್ದರೆ ಅವರ ಹೆಸರನ್ನೂ ಹತ್ತು ಸಲ ಕೇಳುತ್ತದೆ.

ಡೇಟಾಬೇಸ್ ಪಕ್ಕದಲ್ಲೇ ಇದ್ದರೆ ಇದು ಗೊತ್ತಾಗುವುದೇ ಇಲ್ಲ. ಪ್ರೋಗ್ರಾಮ್ ಅಂಗಡಿಯ ಕಂಪ್ಯೂಟರಿನಲ್ಲಿ, ಡೇಟಾಬೇಸ್ ಮುಂಬೈಯ ಸರ್ವರಿನಲ್ಲಿ ಇದ್ದರೆ? ಒಂದು ಸಲ ಹೋಗಿಬರಲು 30 ಮಿಲಿಸೆಕೆಂಡ್ ಎಂದು ಹಿಡಿದರೂ 9 ಸೆಕೆಂಡ್ ಬರೀ ಓಡಾಟಕ್ಕೇ ಹೋಯಿತು. ಆಗ ಹಲವರು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಲು ಹೊರಡುತ್ತಾರೆ. ಅದರಿಂದ ಇಲ್ಲಿ ಏನೂ ಆಗದು, ಏಕೆಂದರೆ ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಕ್ವೆರಿಯೂ ಚುರುಕೇ. ನಿಧಾನದ ಕ್ವೆರಿಗಳ ಲಾಗ್‌ನಲ್ಲಿ ಇವು ಸಿಕ್ಕಿಬೀಳುವುದೂ ಇಲ್ಲ. ಎಣಿಸಿದರೆ ಮಾತ್ರ ಕಾಣುತ್ತವೆ.

ಪರಿಹಾರಕ್ಕೆ ಈಗರ್ ಲೋಡಿಂಗ್ ಎನ್ನುತ್ತಾರೆ: ಬೇಕಾದ್ದನ್ನು ಮೊದಲೇ ಒಟ್ಟಿಗೆ ತರುವುದು. ರಸೀದಿಯಿಂದ ಬೆಳೆಗಾರರ ಕಡೆಗೆ ಹೋಗುವಾಗ ಜಾಂಗೋದ ಸೆಲೆಕ್ಟ್ ರಿಲೇಟೆಡ್ ಸಾಕು. ಎರಡು ಟೇಬಲ್ಲುಗಳನ್ನು ಜಾಯಿನ್ ಮಾಡಿ, ಅಂದರೆ ಒಂದೇ ಕ್ವೆರಿಯಲ್ಲಿ ಜೋಡಿಸಿ, 301ನ್ನು ಒಂದಕ್ಕಿಳಿಸುತ್ತದೆ. ಬೆಳೆಗಾರರಿಂದ ಅವರ ರಸೀದಿಗಳ ಕಡೆಗೆ ಹೋಗುವುದಾದರೆ ಪ್ರಿಫೆಚ್ ರಿಲೇಟೆಡ್ ಬೇಕು. ಅದು ಎರಡೇ ಕ್ವೆರಿ ಕಳಿಸುತ್ತದೆ: ಒಂದು ಬೆಳೆಗಾರರಿಗೆ, ಇನ್ನೊಂದು ಅವರೆಲ್ಲರ ರಸೀದಿಗಳಿಗೆ. ಇಲ್ಲೂ ಜಾಯಿನ್ ಮಾಡಿದರೆ ರಸೀದಿಗೊಮ್ಮೆ ಬೆಳೆಗಾರರ ಸಾಲು ಮರುಕಳಿಸುತ್ತದೆ. ಜೊತೆಗೆ ಬೆಳೆಗಾರರಿಗೆ ಕೊಟ್ಟ ಮುಂಗಡ ಹಣದ ಟೇಬಲ್ಲನ್ನೂ ಸೇರಿಸಿದಿರೋ, 20 ರಸೀದಿ, 5 ಮುಂಗಡ ಇರುವ ಒಬ್ಬರಿಗೇ 100 ಸಾಲು ಬಂದು ಬೀಳುತ್ತದೆ. ಆದ್ದರಿಂದ ಎಲ್ಲ ಕಡೆಗೂ ಈಗರ್ ಎಂದು ಸೆಟ್ ಮಾಡಿಬಿಡುವುದು ಸರಿಯಲ್ಲ. ಯಾವ ಪರದೆಗೆ ಏನು ಬೇಕು ಎಂದು ನೋಡಿ ಅಲ್ಲಲ್ಲೇ ಹೇಳಬೇಕು.

ಕೆಲವೊಮ್ಮೆ ಆಬ್ಜೆಕ್ಟೇ ಬೇಡ. ಈ ವಾರ ಬಂದ ಚೆರಿಯ ಒಟ್ಟು ತೂಕ ಬೇಕಿದ್ದರೆ ರಸೀದಿಗಳನ್ನೆಲ್ಲ ಎಳೆದು ತಂದು ಪೈಥಾನಿನಲ್ಲಿ ಕೂಡಿಸಬೇಡಿ. ಕೂಡಿಸುವ ಕೆಲಸವನ್ನು ಡೇಟಾಬೇಸಿಗೇ ಬಿಡಿ.

ಈ ದೋಷ ಸರಿಪಡಿಸಿದ ಮೇಲೂ ಮರಳಿ ಬರುತ್ತದೆ. ಯಾರೋ ಪಟ್ಟಿಗೆ ಇನ್ನೊಂದು ಟೇಬಲ್ಲಿನ ಕಾಲಂ ಸೇರಿಸಿದರೆ ಸಾಕು. ಹಾಗಾಗಿ ಟೆಸ್ಟ್ ಬರೆದಿಡುವುದು ಒಳ್ಳೆಯದು. ಜಾಂಗೋದಲ್ಲಿ ಕ್ವೆರಿಗಳನ್ನು ಎಣಿಸಿ ನೋಡಲೆಂದೇ ಅಸರ್ಟ್ ನಮ್ ಕ್ವೆರೀಸ್ ಇದೆ. 3 ರಸೀದಿಗಳಿದ್ದಾಗಲೂ 30 ಇದ್ದಾಗಲೂ ಪಟ್ಟಿ ಅಷ್ಟೇ ಕ್ವೆರಿಗಳಲ್ಲಿ ತೆರೆಯಬೇಕು. ಕ್ವೆರಿಗಳ ಸಂಖ್ಯೆ ಏರಿದರೆ ಟೆಸ್ಟ್ ಫೇಲ್ ಆಗಬೇಕು.