ವರ್ಸೇಲ್ಸ್ ಕಾರಂಜಿಗಳಿಗೆ ನೀರು ಎಲ್ಲಿಂದ ಬರುತ್ತಿತ್ತು?

ಪ್ರಶ್ನೆ: ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ತೋಟದ ತುಂಬಾ ಕಾರಂಜಿಗಳಿವೆ. ಆಗ ಕರೆಂಟು, ಮೋಟಾರು ಏನೂ ಇರಲಿಲ್ಲ ಅಲ್ವಾ? ಮತ್ತೆ ನೀರು ಹೇಗೆ ಚಿಮ್ಮುತ್ತಿತ್ತು?

ಉತ್ತರ: ಚಿಮ್ಮಿಸುವುದು ಸುಲಭ. ಮನೆಯ ಮೇಲಿನ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ನೀರು ರಭಸವಾಗಿ ಬರುತ್ತದಲ್ಲ, ಅದೇ ಲೆಕ್ಕ. ಎತ್ತರದಲ್ಲಿ ನೀರು ತುಂಬಿಡಬೇಕು, ಕೊಳವೆಯಲ್ಲಿ ಕೆಳಗೆ ಬಿಡಬೇಕು. ಕಷ್ಟವೆಲ್ಲ ಆ ನೀರನ್ನು ಹೊಂದಿಸುವುದರಲ್ಲಿತ್ತು.

ಫ್ರಾನ್ಸಿನ ರಾಜ 14ನೇ ಲೂಯಿ ತನ್ನ ತಂದೆಯ ಬೇಟೆಮನೆ ಇದ್ದ ಜಾಗವನ್ನೇ ಅರಮನೆಗೆ ಆರಿಸಿಕೊಂಡ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಸೇನ್ ನದಿ ಇರುವುದು ದೂರದ ತಗ್ಗಿನಲ್ಲಿ. ಸುತ್ತಲಿನ ಎತ್ತರದ ಬಯಲುಗಳಲ್ಲಿ ಕೆರೆ ಕಟ್ಟಿಸಿ, ಕಾಲುವೆ ತೋಡಿಸಿ ಮಳೆನೀರು ತರಿಸಿದ. ಅದೂ ಸಾಲಲಿಲ್ಲ.

ಆಗ ಹುಟ್ಟಿದ್ದೇ ಮಾರ್ಲಿ ಯಂತ್ರ. ಸೇನ್ ನದಿಯಲ್ಲಿ 14 ದೊಡ್ಡ ಚಕ್ರಗಳು. ಹೊಳೆಯ ಹರಿವಿಗೆ ಅವು ತಿರುಗಿದರೆ 200ಕ್ಕೂ ಜಾಸ್ತಿ ಪಂಪುಗಳು ಆಡುತ್ತಿದ್ದವು. ಹಂತ ಹಂತವಾಗಿ 150 ಮೀಟರಿಗೂ ಎತ್ತರದ ಗುಡ್ಡಕ್ಕೆ ನೀರು ಏರುತ್ತಿತ್ತು. 1684ರಲ್ಲಿ ಮುಗಿದ ಈ ಯಂತ್ರವನ್ನು ಕಟ್ಟಿದ್ದು ಈಗಿನ ಬೆಲ್ಜಿಯಂನ ಲಿಯೇಜ್ ಕಡೆಯ ಮರಗೆಲಸದ ಕುಟುಂಬದ ರೆನೆಕಿನ್ ಸುವಾಲೆಮ್. ನನಗಂತೂ ಅರಮನೆಯ ಚಿನ್ನದ ಲೇಪಕ್ಕಿಂತ ಈ ಚಕ್ರಗಳೇ ದೊಡ್ಡ ವೈಭವ.

ಇಷ್ಟಾದರೂ ಎಲ್ಲ ಕಾರಂಜಿಗಳನ್ನು ಒಟ್ಟಿಗೆ ಹೆಚ್ಚು ಹೊತ್ತು ಬಿಡಲು ಆಗುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದರು. ರಾಜ ತೋಟದಲ್ಲಿ ನಡೆದು ಬರುವಾಗ ಆಳುಗಳು ಸೀಟಿ ಊದುತ್ತಿದ್ದರು. ಅದು ಕೇಳಿದ ಕೂಡಲೇ ಮುಂದಿನವರು ಕೀಲಿ ತಿರುಗಿಸಿ ನೀರು ಬಿಡುತ್ತಿದ್ದರು. ರಾಜ ದಾಟಿ ಹೋದರೆ ಹಿಂದಿನ ಕಾರಂಜಿ ಬಂದ್. ಅವನ ಕಣ್ಣಿಗೆ ಮಾತ್ರ ಎಲ್ಲವೂ ಸದಾ ಚಿಮ್ಮುತ್ತಿದ್ದವು!

ಯೂರ್ ನದಿಯನ್ನೇ ತಿರುಗಿಸುವ ಕೆಲಸವೂ 1685ರಲ್ಲಿ ಶುರುವಾಯಿತು. ಕಾಲುವೆಯ ಉದ್ದ ಸುಮಾರು 80 ಕಿಲೋಮೀಟರ್. ಕೆಲಸಕ್ಕೆ ಸಾವಿರಾರು ಸೈನಿಕರನ್ನು ಹಚ್ಚಿದರು. ಜ್ವರ ಬಂದು ಎಷ್ಟೋ ಜನ ಸತ್ತರು. ಒಂದು ತೋಟದ ನೀರಿಗಾಗಿ ಇಷ್ಟು ಜೀವ ಹೋದದ್ದನ್ನು ನೆನೆದರೆ ಸಂಕಟವಾಗುತ್ತದೆ. ಅಷ್ಟರಲ್ಲಿ ಯುದ್ಧ ಬಂತು, ಕೆಲಸ ನಿಂತಿತು. ಮ್ಯಾಂಟನಾನ್ ಊರಿನಲ್ಲಿ ಅದರ ಕಲ್ಲಿನ ಕಮಾನುಗಳು ಇಂದಿಗೂ ಅರ್ಧಕ್ಕೇ ನಿಂತಿವೆ. ಆ ನದಿಯ ನೀರು ವರ್ಸೇಲ್ಸ್‌ಗೆ ಬರಲೇ ಇಲ್ಲ.