ಧರ್ಮದ ಕಾರಣಕ್ಕೆ ಖಾಸಗಿ ಮಾಲೀಕರು ಕೆಲಸದಿಂದ ತೆಗೆಯಬಹುದೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಉಪ್ಪಳದ ಒಂದು ಜವಳಿ ಮಳಿಗೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ದುಡಿದೆ. ನನ್ನ ಧರ್ಮಕ್ಕೆ ಸೇರಿದ ನೌಕರರು ಇನ್ನು ಬೇಡವೆಂದು ಮಾಲೀಕರು ಬಾಯ್ಮಾತಿನಲ್ಲೇ ಹೇಳಿ ಬಿಡಿಸಿದರು. ಸಂವಿಧಾನ ಇದನ್ನು ತಡೆಯುವುದಿಲ್ಲವೇ? ನಾನು ಯಾರಲ್ಲಿಗೆ ಹೋಗಬೇಕು?

ಉತ್ತರ: ಸಂವಿಧಾನದ 16ನೆಯ ವಿಧಿಯು ಧರ್ಮದ ಆಧಾರದ ಮೇಲೆ ಉದ್ಯೋಗದಲ್ಲಿ ಭೇದವೆಣಿಸುವುದನ್ನು ನಿಷೇಧಿಸುತ್ತದೆ, ಆದರೆ ಅದರ ವ್ಯಾಪ್ತಿ ಸರಕಾರಿ ನೌಕರಿಗೆ ಸೀಮಿತ. ಖಾಸಗಿ ಮಾಲೀಕರು ನೌಕರರನ್ನು ಆರಿಸಿಕೊಳ್ಳುವಾಗ ಧರ್ಮವನ್ನು ನೋಡಬಾರದೆಂದು ನೇರವಾಗಿ ವಿಧಿಸುವ ಒಂದು ಸಮಗ್ರ ಕಾನೂನು ನಮ್ಮ ದೇಶದಲ್ಲಿ ಇನ್ನೂ ಬಂದಿಲ್ಲ. ಉದ್ಯೋಗದಲ್ಲಿನ ತಾರತಮ್ಯದ ವಿರುದ್ಧ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ರೂಪಿಸಿದ 111ನೆಯ ಒಪ್ಪಂದವನ್ನು ಭಾರತ 1960ರಲ್ಲೇ ಅಂಗೀಕರಿಸಿದ್ದರೂ ಈ ಕೊರತೆ ಉಳಿದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಬಹಳಷ್ಟು ಮಂದಿ ದುಡಿಯುವ ಯುಎಇಯಲ್ಲಿ 2021ರ ಕಾರ್ಮಿಕ ಕಾನೂನು ಖಾಸಗಿ ಸಂಸ್ಥೆಗಳಿಗೂ ಇಂಥ ನಿಷೇಧವನ್ನು ವಿಧಿಸಿದೆ.

ಆದರೂ ನಿಮ್ಮದು ಕೆಲಸ ಸಿಗದವರ ಪ್ರಶ್ನೆಯಲ್ಲ, ಇದ್ದ ಕೆಲಸ ಕಳೆದುಕೊಂಡವರ ಪ್ರಶ್ನೆ. ಆದ್ದರಿಂದ ನಿಮಗೆ ದಾರಿಯಿದೆ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 18ನೆಯ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದ ನೌಕರರನ್ನು ಸಮಂಜಸವಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನಾಗಲಿ ಅದರ ಬದಲಿಗೆ ಸಂಬಳವನ್ನಾಗಲಿ ಕೊಡದೆ, ತೆಗೆದುಹಾಕುವಂತಿಲ್ಲ. ದುರ್ನಡತೆಯ ಆರೋಪವಿದ್ದರೆ ಅದನ್ನು ವಿಚಾರಣೆಯಲ್ಲಿ ಸಾಬೀತುಪಡಿಸಬೇಕು. ನೌಕರನ ಧರ್ಮ ಯಾವುದೆಂಬುದು ಸಮಂಜಸವಾದ ಕಾರಣವೆಂದು ವಾದಿಸಿ ಗೆಲ್ಲುವುದು ಯಾವ ಮಾಲೀಕನಿಗೂ ಸುಲಭವಲ್ಲ. ಹಾಗಾಗಿಯೇ ಆ ಕಾರಣವನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ವ್ಯಾಪಾರ ಕಡಿಮೆಯೆಂದೋ, ನೀವೇ ಬಿಟ್ಟುಹೋದಿರೆಂದೋ ಹೇಳುತ್ತಾರೆ.

ಈ ಕೊನೆಯ ಮಾತಿನ ಬಗ್ಗೆ ವಿಶೇಷ ಎಚ್ಚರ ಬೇಕು. ಬಾಕಿ ಸಂಬಳ ಬೇಕಿದ್ದರೆ ರಾಜೀನಾಮೆ ಬರೆದುಕೊಡಿ ಎಂದರೆ ದಯವಿಟ್ಟು ಬರೆದುಕೊಡಬೇಡಿ. ದುಡಿದ ದಿನಗಳ ಸಂಬಳ ನಿಮ್ಮ ಹಕ್ಕು, ಅದಕ್ಕೆ ಯಾವ ಶರತ್ತೂ ಇಲ್ಲ. ಒಮ್ಮೆ ರಾಜೀನಾಮೆಗೆ ಸಹಿ ಬಿದ್ದರೆ ನಿಮ್ಮನ್ನು ತೆಗೆದುಹಾಕಿದರೆಂದು ತೋರಿಸುವುದೇ ಕಷ್ಟವಾಗುತ್ತದೆ. ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಹಾಜರಿಯ ವಿವರ, ಮಾಲೀಕರು ಅಥವಾ ಮ್ಯಾನೇಜರ್ ಕಳುಹಿಸಿದ ವಾಟ್ಸಾಪ್ ಸಂದೇಶಗಳನ್ನು ಜೋಪಾನವಾಗಿಡಿ. ನಿಮ್ಮ ಧರ್ಮದವರು ಬೇಡವೆಂಬ ಮಾತನ್ನು ಆಡಿದ ದಿನ, ಸಮಯ, ಕೇಳಿದವರ ಹೆಸರುಗಳನ್ನು ಇಂದೇ ಬರೆದಿಡಿ.

ಬಳಿಕ ತಡಮಾಡದೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಜಿಲ್ಲಾ ಕೇಂದ್ರದಲ್ಲಿರುವ ಲೇಬರ್ ಆಫೀಸಿನಲ್ಲಿ 18ನೆಯ ಸೆಕ್ಷನಿನ ಮೇಲ್ಮನವಿಯನ್ನು ಯಾರಿಗೆ, ಎಷ್ಟು ದಿನದೊಳಗೆ ಸಲ್ಲಿಸಬೇಕೆಂದು ಕೇಳಿ ತಿಳಿಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇನ್ನೊಂದು ದಾರಿಯಿದೆ: ಒಬ್ಬನೇ ಕಾರ್ಮಿಕನ ವಜಾ ಕೂಡ ಕೈಗಾರಿಕಾ ವಿವಾದವೇ ಆಗುತ್ತದೆ, ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ, ಕೆಲಸ ಹೋದ ಎರಡು ವರ್ಷದೊಳಗೆ, ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಎರಡರಲ್ಲಿ ಯಾವುದು ಸೂಕ್ತವೆಂಬುದನ್ನು ವಕೀಲರ ಬಳಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಮಲಯಾಳದಲ್ಲಿ ಬರೆಯಲು ಬಾರದೆಂದು ಹಿಂಜರಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಸಂವಿಧಾನದ 350ನೆಯ ವಿಧಿ ಮತ್ತು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಇವೆರಡರ ಬಲದಿಂದ ಕಾಸರಗೋಡಿನ ಕನ್ನಡಿಗರು ದೂರನ್ನು ಕನ್ನಡದಲ್ಲೇ ಬರೆಯಬಹುದು. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಕು ಹಾಕಿಸಿಕೊಂಡೇ ಹಿಂತಿರುಗಿ.