ನಡುವೆ ಇಳಿದರೆ ಪಾಸಿನ ಇನ್ನೊಂದು ದಿನ ಹೋಗುತ್ತಾ?

“ಆಮ್‌ಸ್ಟರ್‌ಡ್ಯಾಮ್‌ನಿಂದ ಮ್ಯೂನಿಕ್‌ಗೆ ಹೋಗುವಾಗ ಕಲೋನ್‌ನಲ್ಲಿ ಇಳಿದು, ಕೆಥೆಡ್ರಲ್ ನೋಡಿ ಮತ್ತೆ ರೈಲು ಹತ್ತಿದರೆ ಯೂರೈಲ್ ಪಾಸಿನಲ್ಲಿ ಎರಡು ದಿನ ಖರ್ಚಾಗುತ್ತಾ?”

ಇಲ್ಲ. ಒಂದೇ ದಿನ. (ಯೂರೈಲ್ ಅಂದರೆ ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ತೆಗೆದುಕೊಳ್ಳುವ ಒಂದೇ ಪಾಸ್.) ಬೇಸಿಗೆ ರಜೆ ಹತ್ತಿರ ಬಂದ ಹಾಗೆಲ್ಲ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲ ಇದೇ ಉತ್ತರ ಕೊಡುತ್ತೇನೆ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ನಿಮ್ಮದು ಒಂದು ತಿಂಗಳಲ್ಲಿ 4 ದಿನ ಓಡಾಡುವ ಪಾಸ್ ಅಂದುಕೊಳ್ಳಿ. ಇಲ್ಲಿ ದಿನ ಅಂದರೆ ಕ್ಯಾಲೆಂಡರಿನ ದಿನ, ರಾತ್ರಿ 12ರಿಂದ ಮರುರಾತ್ರಿ 12ರವರೆಗೆ. ಅಷ್ಟರೊಳಗೆ ಎರಡು ರೈಲು ಹತ್ತಿ, ಆರು ಹತ್ತಿ, ಎಲ್ಲಿ ಬೇಕಾದರೂ ಇಳಿಯಿರಿ. ಲೆಕ್ಕಕ್ಕೆ ಒಂದೇ ದಿನ.

ಹಾಗಾದರೆ ‘ಒಂದು ರೈಲು ಅಂದರೆ ಒಂದು ದಿನ’ ಅನ್ನುವ ನಂಬಿಕೆ ಯಾಕೆ ಹೋಗುತ್ತಿಲ್ಲ? ಒಂದು, ನಮ್ಮ ಅಭ್ಯಾಸ. ನಮಗೆ ಟಿಕೆಟ್ ಅಂದರೆ ಒಂದು ರೈಲು, ಒಂದು ಪಿಎನ್‌ಆರ್, ಒಂದು ಬರ್ತ್. ಇನ್ನೊಂದು, ಸೀಟ್ ರಿಸರ್ವೇಶನ್. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾದಂಥ ವೇಗದ ರೈಲುಗಳಿಗೆ ಪಾಸ್ ಇದ್ದರೂ ಬೇರೆ ದುಡ್ಡು ಕೊಟ್ಟು ಸೀಟು ಹಿಡಿಯಬೇಕು. ರೈಲು ಬದಲಿಸಿದರೆ ಮತ್ತೆ ಕೊಡಬೇಕು. ಅದನ್ನೇ ಜನ ಪಾಸಿನ ದಿನ ಹೋಯಿತು ಅಂತ ತಿಳಿಯುತ್ತಾರೆ. ಆ ದುಡ್ಡು ಸೀಟಿನದು ಮಾತ್ರ. ಜರ್ಮನಿಯ ಒಳಗೆ ಓಡುವ ಐಸಿಇ ಎಂಬ ವೇಗದ ರೈಲುಗಳಲ್ಲಿ ಸೀಟು ಕಾಯ್ದಿರಿಸುವುದು ಕಡ್ಡಾಯವೂ ಅಲ್ಲ.

ಪಾಸಿನ ಆ್ಯಪ್‌ನಲ್ಲಿ ಒಂದೇ ತಾರೀಖಿನ ಕೆಳಗೆ ಮೂರು ರೈಲು ಕಂಡರೆ ಗಾಬರಿಯಾಗಬೇಡಿ. ಅದು ಹಾಗೇ ಇರಬೇಕು. ಹತ್ತುವ ಮೊದಲು ಪ್ರತಿ ರೈಲನ್ನೂ ಅದಕ್ಕೆ ಸೇರಿಸಿಕೊಳ್ಳಿ, ಅಷ್ಟೇ.

ಪಾಸ್ ಇಲ್ಲದೆ ಅಗ್ಗದ ಟಿಕೆಟ್ ತೆಗೆದವರ ಕಥೆ ಬೇರೆ. ಜರ್ಮನಿಯ ಸ್ಪಾರ್‌ಪ್ರೈಸ್ ಟಿಕೆಟ್ ನಿಗದಿಯಾದ ರೈಲಿಗೇ ಸೀಮಿತ. ನಡುವೆ ಇಳಿಯಬೇಕಿದ್ದರೆ ಬುಕ್ ಮಾಡುವಾಗಲೇ ಆ ಊರನ್ನು ಸೇರಿಸಬೇಕು.

ಕಲೋನ್‌ನಲ್ಲಿ ಲಗೇಜಿನ ಚಿಂತೆಯೂ ಬೇಡ. ಸ್ಟೇಷನ್ನಿನಲ್ಲಿ ಲಾಕರ್ ಯಂತ್ರ ಇದೆ. ದುಡ್ಡು ಹಾಕಿ ಸೂಟ್‌ಕೇಸ್ ಒಳಗಿಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಪೆಟ್ಟಿಗೆ ನೆಲದಡಿಗೆ ಹೋಗುತ್ತದೆ, ನಿಮ್ಮ ಕೈಗೊಂದು ಕಾರ್ಡ್ ಬರುತ್ತದೆ. ಅದನ್ನು ಜೋಪಾನ ಮಾಡಿ. ಹೊರಗೆ ಕಾಲಿಟ್ಟರೆ ಕೆಥೆಡ್ರಲ್ ಎದುರಿಗೇ ನಿಂತಿದೆ. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಕಟ್ಟಡ ಅದು. ಗೋಪುರ ಹತ್ತಲು 533 ಮೆಟ್ಟಿಲು, ಲಿಫ್ಟ್ ಇಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು: ಅಲ್ಲಿಂದ ಮುಂದೆ ಯಾವ ರೈಲು, ಯಾವ ಕಡೆ ಸೀಟು? ಮ್ಯೂನಿಕ್ ದಾರಿಯಲ್ಲಿ ಸಿಗುವ ಫ್ರಾಂಕ್‌ಫರ್ಟ್ ಕಡೆಗೆ ಗಂಟೆಗೆ 300 ಕಿಲೋಮೀಟರ್ ವೇಗದ ಹೊಸ ದಾರಿಯಿದೆ. ಆದರೆ ಅದು ಹೆದ್ದಾರಿಯ ಪಕ್ಕದಲ್ಲಿ, ಸುರಂಗಗಳ ಒಳಗೆ ಓಡುತ್ತದೆ. ಪಾಸ್ ಇರುವಾಗ ಅದೇ ಯಾಕೆ ಬೇಕು, ಅಲ್ವಾ? ಕೊಬ್ಲೆಂಝ್ ಮೇಲೆ ಮೈನ್ಝ್‌ಗೆ ಹೋಗುವ ಹಳೇ ದಾರಿಯ ಐಸಿ (ಇಂಟರ್‌ಸಿಟಿ) ರೈಲು ಹಿಡಿಯಿರಿ. ಸ್ವಲ್ಪ ನಿಧಾನ, ಆದರೆ ರೈನ್ ನದಿಯ ದಂಡೆಯಲ್ಲೇ ಹೋಗುತ್ತದೆ. ರೈಲು ಸಾಗುವ ದಿಕ್ಕಿಗೆ ಮುಖ ಮಾಡಿದರೆ ನದಿ ಎಡಕ್ಕೆ. ಕೊಬ್ಲೆಂಝ್ ದಾಟಿದ ಮೇಲೆ ಫೋನ್ ಒಳಗಿಟ್ಟುಬಿಡಿ. ಮೊದಲು ನದಿ ದಂಡೆಯ ಲೊರೆಲೈ ಎಂಬ ಕಡಿದಾದ ಬಂಡೆ, ಆಮೇಲೆ ಕೌಬ್ ಊರಿನ ಹತ್ತಿರ ನದಿಯ ನಡುವಿನ ದ್ವೀಪದಲ್ಲಿ ಬಿಳಿ ಗೋಡೆಯ ಪುಟ್ಟ ಕೋಟೆ. ರೈಲು ಅಲ್ಲಿ ನಿಲ್ಲುವುದಿಲ್ಲ.